ದೇವಕದ ಗಿಡಕ್ಕೆ ಎರಡು ಹೆಸರು

ಮುರುಡಶೆಂಗ ಎಂಬ ಗಿಡದ ಮೇಲೆ ನನಗೆ ಎಂದೂ ಭಕ್ತಿ ಹುಟ್ಟಲಿಲ್ಲ. ನಿಪ್ಪಾಣಿಯಿಂದ ಪಶ್ಚಿಮಕ್ಕೆ ಗುಡ್ಡಗಳ ಸಂದಿಯಲ್ಲಿ ಒಂದು ಕೊಳ್ಳವಿದೆ. ನೇರ ಬಿಸಿಲು ಬೀಳದ, ಗಾಳಿ ಹೊಡೆಯದ ಜಾಗ. ಅಲ್ಲಿ ಅದು ತನ್ನ ಪಾಡಿಗೆ ತಾನು ಎರಡಾಳೆತ್ತರ ಬೆಳೆದು ನಿಂತಿರುತ್ತದೆ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಎಲೆ ಒರಟು, ಮುಟ್ಟಿದರೆ ಕೈಯೆಲ್ಲ ಕೆರೆತ. ಹೂವು ಅರಳಿದ ದಿನ ಇಟ್ಟಿಗೆಗೆಂಪು. ಆಮೇಲೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಬ್ಲೌಸ್‌ಪೀಸಿನ ಹಾಗೆ ಬೂದಿಬಣ್ಣ. ಕಾಯಂತೂ ಯಾರೋ ಸಿಟ್ಟಿನಲ್ಲಿ ಹಿಂಡಿ ಎಸೆದಂತೆ ತಿರುಚಿಕೊಂಡು ಗೊಂಚಲುಗೊಂಚಲಾಗಿ ಜೋತಿರುತ್ತದೆ. ಕೂಸಿಗೆ ಹೊಟ್ಟೆನೋವು ಬಂದರೆ ಆ ಒಣ ಕಾಯನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಾರೆ. ಕೂಸು ಮುಖ ಕಿವುಚುತ್ತದೆ. ಆ ಗಿಡದ ಬಗ್ಗೆ ನನ್ನ ಅಭಿಪ್ರಾಯವೂ ಆ ಕೂಸಿನದೇ.

ಆದರೆ ನನ್ನ ಅಕ್ಕನ ಗಂಡನ ಮನೆಯವರಿಗೆ ಅದು ದೇವರಿಗಿಂತ ಹೆಚ್ಚು. ನಮ್ಮ ಕಡೆ ಕೆಲವು ಮನೆತನಗಳಿಗೆ ಇಂಥದೊಂದು ಗಿಡವೋ ಬಳ್ಳಿಯೋ ಇರುತ್ತದೆ, ಅದಕ್ಕೆ ದೇವಕ ಎನ್ನುತ್ತಾರೆ. ಮದುವೆಯ ಹಿಂದಿನ ದಿನ ತಂದೆತಾಯಿ ಹೊಸ ಬಟ್ಟೆ ಉಟ್ಟು, ತಾಯಿ ತಲೆಯ ಮೇಲೆ ನೀರಿನ ಕೊಡ ಹೊತ್ತು, ಹಲಗಿ ಬಾರಿಸಿಕೊಂಡು ಹೋಗಿ, ಗಿಡಕ್ಕೆ ಅರಿಶಿಣ ಕುಂಕುಮ ಹಚ್ಚಿ, ಒಂದು ಟೊಂಗೆ ಕಡಿದು ತಂದು ಹಂದರದ ಕಂಬಕ್ಕೆ ಕಟ್ಟಬೇಕು. ಅದನ್ನು ಕಟ್ಟುವ ತನಕ ಮದುಮಗಳಿಗೆ ಅರಿಶಿಣ ಹಚ್ಚುವಂತಿಲ್ಲ. ಹೆಣ್ಣಿನವರು ತಮ್ಮದನ್ನು ತರಬೇಕು, ಗಂಡಿನವರು ತಮ್ಮದನ್ನು ತರಬೇಕು. ಇಷ್ಟೇ ಆಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಇದಕ್ಕೊಂದು ಬಾಲ ಬೇರೆ ಇದೆ. ಒಂದೇ ದೇವಕ ಇರುವ ಎರಡು ಮನೆತನಗಳು ಅಣ್ಣತಮ್ಮಂದಿರ ಮನೆತನಗಳಂತೆ. ಈ ಮನೆಯ ಹುಡುಗಿಗೆ ಆ ಮನೆಯ ಹುಡುಗ ಅಣ್ಣನಾಗುತ್ತಾನೆ. ಅವರಿಬ್ಬರಿಗೆ ಮದುವೆ ಕೂಡದು.

ನಾನು ನಿಪ್ಪಾಣಿಯ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಮದುವೆಯಾಗಲಿಲ್ಲ. ಊರಿನ ಮದುಮಕ್ಕಳಿಗೆಲ್ಲ ನಾನೇ ಅಳತೆ ತೆಗೆದು ಹೊಲಿದು ಕಳಿಸಿದ್ದೇನೆ. ನನಗೊಂದು ಹೊಲಿದುಕೊಳ್ಳುವ ಹೊತ್ತು ಬರಲಿಲ್ಲ. ಅದರ ಬಗ್ಗೆ ನನಗೆ ದೊಡ್ಡ ದುಃಖವೇನೂ ಇಲ್ಲ. ಅಕ್ಕನ ಮಗಳು ಚಿಕ್ಕಂದಿನಿಂದ ನನ್ನ ಅಂಗಡಿಯಲ್ಲೇ ಬೆಳೆದವಳು, ಚಿಂದಿಬಟ್ಟೆಯ ಗುಡ್ಡೆಯ ಮೇಲೆ ಕೂತು ಅಭ್ಯಾಸ ಮಾಡಿದವಳು. ಈಗ ಚಿಕ್ಕೋಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ನನಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಅವಳ ಅಪ್ಪ, ಅಂದರೆ ಅಕ್ಕನ ಗಂಡ, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯ ಎಂದರೆ ಅಣ್ಣನ ಮುಂದೆ ಬಾಯಿ ತೆರೆಯದವನು.

ಆ ಅಣ್ಣನ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಡುಗಿಗೆ ದೊಡ್ಡಪ್ಪ, ಆದ್ದರಿಂದ ನಾನೂ ದೊಡ್ಡಪ್ಪ ಎಂದೇ ಕರೆಯುತ್ತೇನೆ. ಯಾವುದೋ ಸೊಸಾಯಿಟಿಯಲ್ಲಿ ಕಾರಕೂನನಾಗಿದ್ದು ನಿವೃತ್ತನಾದ ಮೇಲೆ ಈತನಿಗೆ ತಾನು ಸರದಾರರ ವಂಶದವನು ಎಂಬುದು ನೆನಪಾಯಿತು. ಯಾರ ಮನೆಯ ಮದುವೆಯಾದರೂ ಫೇಟಾ ಈತನ ತಲೆಯ ಮೇಲೆ. ಇವರ ಹಿರಿಯರು ಒಂದಾನೊಂದು ಕಾಲದಲ್ಲಿ ಶತ್ರುಗಳು ಬೆನ್ನುಹತ್ತಿದಾಗ ಆ ಕೊಳ್ಳಕ್ಕೆ ಇಳಿದು ಮುರುಡಶೆಂಗದ ಪೊದೆಯಲ್ಲಿ ಅಡಗಿ ಕೂತು ಜೀವ ಉಳಿಸಿಕೊಂಡರಂತೆ; ಆ ಉಪಕಾರಕ್ಕೆ ಅದು ದೇವಕವಾಯಿತಂತೆ. ಯುದ್ಧ ಬಿಟ್ಟು ಓಡಿಬಂದು ಗಿಡದ ಬುಡದಲ್ಲಿ ಉಸಿರು ಬಿಗಿಹಿಡಿದು ಕೂತದ್ದನ್ನು ಇಷ್ಟು ಎದೆಯುಬ್ಬಿಸಿ ಹೇಳುವ ಮನೆತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಬಂಧ ಬಂದದ್ದು ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ. ಹುಡುಗ ಡಿಪ್ಲೊಮಾ ಮುಗಿಸಿ ಅಥಣಿಯಲ್ಲಿ ಹನಿ ನೀರಾವರಿಯ ಪೈಪು, ಪಂಪುಗಳ ಕೆಲಸ ಮಾಡಿಸುತ್ತಿದ್ದ. ಅಕ್ಕನ ಮನೆಯಲ್ಲಿ ಮರಾಠಿ ಮಾತು, ಅವರ ಮನೆಯಲ್ಲಿ ಕನ್ನಡ. ಈ ಸೀಮೆಯಲ್ಲಿ ಅದನ್ನು ಯಾರೂ ಒಂದು ಸುದ್ದಿ ಎಂದು ಎಣಿಸುವುದಿಲ್ಲ. ಎಲ್ಲರಿಗೂ ಎರಡೂ ಬರುತ್ತದೆ. ಬರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಮಾತುಕತೆಯ ದಿನ ಹೆಂಗಸರು ಒಳಗೆ ಅವಲಕ್ಕಿ ಕಲಸುತ್ತಿದ್ದೆವು, ಗಂಡಸರು ಪಡಸಾಲೆಯಲ್ಲಿ ಕೂತು ಭೂಮಿ ಎಷ್ಟು, ಬಾವಿ ಎಷ್ಟು, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಎಂದು ಒಂದೊಂದೇ ಕೇಳುತ್ತಿದ್ದರು. ಕೊನೆಗೆ ದೇವಕದ ಮಾತು ಬಂತು. ದೊಡ್ಡಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಆಮಚಂ ಮುರುಡಶೆಂಗ," ಅಂದ. ನಮ್ಮದು ಮುರುಡಶೆಂಗ ಎಂದು.

"ನಮ್ದು ಎಡಮುರಿ ರೀ," ಅಂದರು ಹುಡುಗನ ಅಪ್ಪ. "ಹಿರ್ಯಾರ ಕಾಲದಿಂದ ಎಡಮುರಿ."

"ಬ್ಯಾರೆ ಬ್ಯಾರೆ ಆತಲ್ಲ, ಮುಗೀತ್ರಿ," ಅಂದ ದೊಡ್ಡಪ್ಪ. "ಚಹಾ ತರ್ರಿ."

ಅಲ್ಲಿಗೆ ಮುಗಿಯಿತು. ಎರಡೂ ಭಾಷೆಯಲ್ಲಿ ಭಾಷಣ ಬಿಗಿಯುವ ಈ ಮನುಷ್ಯ ಎಡಮುರಿ ಎಂದರೆ ಎಂಥ ಗಿಡ, ಹೂವು ಹೇಗೆ, ಕಾಯಿ ಹೇಗೆ ಎಂದು ಒಂದು ಮಾತು ಕೇಳಲಿಲ್ಲ. ಆ ಕಡೆಯವರೂ ಕೇಳಲಿಲ್ಲ. ಹೆಸರು ಬೇರೆ, ಹಾಗಾದರೆ ಗಿಡವೂ ಬೇರೆ. ಇವರ ವಿದ್ಯೆ ಅಲ್ಲಿಗೆ ನಿಲ್ಲುತ್ತದೆ.

ನಿಶ್ಚಯವಾದ ಮೇಲೆ ತುಳಸಿ ಲಗ್ನ ಮುಗಿಯುವ ತನಕ ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಅವರಿಬ್ಬರೂ ಫೋನಿನಲ್ಲಿ ಮಾತಾಡಿ ಮಾತಾಡಿ ಒಬ್ಬರಿಗೊಬ್ಬರು ಹತ್ತಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡವಳು. ಹುಡುಗಿ ಕೆಲಸ ಮುಗಿಸಿ ಬಸ್ಸಿಳಿದವಳು ಮನೆಗೆ ಹೋಗದೆ ನನ್ನ ಅಂಗಡಿಗೆ ಬರುತ್ತಿದ್ದಳು, ಮಷಿನ್ ಸದ್ದಿನಲ್ಲಿ ಮಾತು ಯಾರಿಗೂ ಕೇಳಿಸುವುದಿಲ್ಲವೆಂದು. ಅವನಿಗೆ ಮೊಳಕೈ ತನಕದ ತೋಳು ಇಷ್ಟ ಎಂದು ಹೊಲಿದ ಬ್ಲೌಸನ್ನು ಬಿಚ್ಚಿಸಿದಳು. ಅವರ ಮನೆಯ ಕನ್ನಡ ನಮ್ಮದಕ್ಕಿಂತ ಬೇರೆ ಎಂದು ಕಿಟಕಿಯ ಕಡೆ ಮುಖ ಮಾಡಿ ಬಾಯಿಪಾಠ ಮಾಡುತ್ತಿದ್ದಳು: ಬಂದಾರ, ಹೋಗ್ಯಾರ, ಉಂಡಾರ. ಹುಡುಗ ಒಮ್ಮೆ ಬಂದಾಗ ನನ್ನ ಮಷಿನಿಗೆ ಎಣ್ಣೆ ಬಿಟ್ಟು, ಸಡಿಲಾಗಿದ್ದ ಬೆಲ್ಟು ಬಿಗಿಮಾಡಿ ಕೊಟ್ಟುಹೋದ. ನನಗೂ ಅವನು ಹಿಡಿಸಿದ್ದ. ಈ ಮದುವೆ ಆಗಲೇಬೇಕು ಎಂದು ಹುಡುಗಿಗೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು. ಅವಳ ಮುಖದ ಮೇಲೆ ಅಂಥ ಬೆಳಕನ್ನು ನಾನು ಹಿಂದೆ ನೋಡಿರಲಿಲ್ಲ.

ಮದುವೆ ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನ ಬೆಳಿಗ್ಗೆಯೇ ಗಂಡಿನವರು ಬಂದಿಳಿದರು. ನಮ್ಮವರು ಊಟ ಮುಗಿಸಿ ದೇವಕ ತರಲು ಹೊರಟರು: ಅಕ್ಕ, ಅವಳ ಗಂಡ, ಫೇಟಾ ಸುತ್ತಿದ ದೊಡ್ಡಪ್ಪ, ಇಬ್ಬರು ಹಲಗಿಯವರು, ಒಂದಿಷ್ಟು ಹೆಂಗಸರು. ಅಕ್ಕನ ಬ್ಲೌಸಿನ ಹುಕ್ಕು ಕಿತ್ತುಬಂದಿತ್ತು, ಅದಕ್ಕೆ ಸೂಜಿದಾರ ಹಿಡಿದು ನಾನೂ ಟೆಂಪೋ ಹತ್ತಿದೆ. ಕೊಳ್ಳದ ಬಾಯಿಗೆ ಟೆಂಪೋ ನಿಂತಿತು. ಇಳಿದು ನೋಡಿದರೆ ಒಳಗಿನಿಂದ ಆಗಲೇ ಹಲಗಿಯ ಸದ್ದು ಬರುತ್ತಿತ್ತು. ನಮ್ಮ ಹಲಗಿಯವರು ನಮ್ಮ ಪಕ್ಕದಲ್ಲೇ ಬೀಡಿ ಸೇದುತ್ತಿದ್ದರು.

ಗಿಡದ ಮುಂದೆ ನಮ್ಮ ಬೀಗರು, ಅಂದರೆ ಹುಡುಗನ ಅಪ್ಪ ಅಮ್ಮ, ಹೊಸ ಬಟ್ಟೆಯಲ್ಲಿ ನಿಂತಿದ್ದರು. ಬೀಗರ ಕೈಯಲ್ಲಿ ಕುಡುಗೋಲು. ಬೀಗಿತ್ತಿಯ ತಲೆಯ ಮೇಲೆ ಕೊಡ. ನಮ್ಮನ್ನು ಕಂಡು ಅವರಿಗೆ ಖುಷಿಯೇ ಆಯಿತು, ಕರೆಯದೆ ಬಂದ ನೆಂಟರನ್ನು ಕಂಡಂತೆ.

"ನೀವೂ ಇಲ್ಲೆ ಬಂದ್ರಿ?" ಅಂದರು.

"ನಾವ್ ಇಲ್ಲೆ ಬರೂದ್ರಿ, ತಲತಲಾಂತರದಿಂದ," ಅಂದ ದೊಡ್ಡಪ್ಪ. "ನೀವು ಹೆಂಗ ಇಲ್ಲೆ?"

"ನಮ್ಮ ಊರ ಹಳ್ಳದ ದಂಡ್ಯಾಗಿನ ಗಿಡ ಎಲ್ಲಾ ಕಬ್ಬಿನಾಗ ಹೋದುವ್ರಿ. ಅಂಗಡ್ಯಾಗಿನ ಒಣಕಾಯಿನ ಕಟ್ಟತಿದ್ದಿವಿ. ಇಲ್ಲಿ ಟೆಂಪೋದಾವಗ ಆ ಕಾಯಿ ತೋರಿಸಿದ್ರ, ಹಸೇ ಟೊಂಗಿನ ಸಿಗತೈತಿ ಅಂತ ಕರಕೊಂಡ ಬಂದ. ನಮ್ಮ ಎಡಮುರಿ ನೋಡ್ರಿ ಎಷ್ಟ ಚಂದ ಬೆಳದೈತಿ."

ಕುಡುಗೋಲು ಎತ್ತಿ ತೋರಿಸಿದರು. ದೊಡ್ಡಪ್ಪ ನೋಡಿದ. ಎಲ್ಲರೂ ನೋಡಿದೆವು. ಒರಟೆಲೆಯ ನಡುವೆ ಕೊನೆಯ ಒಂದೆರಡು ಬಣ್ಣಗೆಟ್ಟ ಹೂವು, ಕೆಳಗೆಲ್ಲ ತಿರುಚಿದ ಕಾಯಿಯ ಗೊಂಚಲು. ಅಕ್ಕನ ಗಂಡ ಅಭ್ಯಾಸಬಲದಿಂದ ಅದೇ ಗಿಡದ ಬುಡಕ್ಕೆ ಅರಿಶಿಣ ಹಚ್ಚಲು ಬಗ್ಗಿದ್ದವನು ಬಗ್ಗಿದಲ್ಲೇ ಉಳಿದ. ಬೀಗರ ಕಡೆಯ ಹಲಗಿಯವರಲ್ಲಿ ಒಬ್ಬ ಏನೂ ತಿಳಿಯದೆ ಇನ್ನೂ ಬಾರಿಸುತ್ತಿದ್ದ, ಯಾರೋ ಅವನ ಕೈ ಹಿಡಿದು ನಿಲ್ಲಿಸಿದರು.

ಆ ಹೊತ್ತಿನಲ್ಲಿ ನನಗೆ ನಗು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಗಿಡಕ್ಕೆ ಎರಡು ಹೆಸರು ಎಂದು ತಿಳಿಯಲು ಈ ಘನವಂತರಿಗೆ ಎರಡು ಟೆಂಪೋ, ಎರಡು ಜೋಡಿ ಹಲಗಿ ಬೇಕಾಯಿತು. ಅಕ್ಕನ ಮುಖ ನೋಡಿದ ಮೇಲೆ ನಗು ನಿಂತಿತು. ಅವಳು ತಲೆಯ ಮೇಲಿನ ಕೊಡ ಇಳಿಸಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಟೊಂಗೆ ಯಾರೂ ಕಡಿಯಲಿಲ್ಲ. ಎರಡೂ ಟೆಂಪೋ ಒಂದರ ಹಿಂದೊಂದು ಕಾರ್ಯಾಲಯಕ್ಕೆ ವಾಪಸಾದವು.

ಕಾರ್ಯಾಲಯದ ದೊಡ್ಡ ಹಾಲಿನಲ್ಲಿ ಗಾದಿ ಹಾಸಿ ಹಿರಿಯರು ಕೂತರು. ಹುಡುಗ ಹುಡುಗಿ ಅಣ್ಣ ತಂಗಿ ಆದರೋ ಇಲ್ಲವೋ, ಅದು ಪ್ರಶ್ನೆ. ಮಧ್ಯಾಹ್ನದ ತನಕ ಮದುವೆಯ ಮಾತಾಡುತ್ತಿದ್ದ ಬಾಯಿಗಳು ಈಗ ಪಾಪ, ದೋಷ, ಕುಲನಾಶ ಎನ್ನತೊಡಗಿದವು. ಒಬ್ಬ, ಲಗ್ನ ನಿಲ್ಲಿಸಲೇಬೇಕು ಎಂದ. ಇನ್ನೊಬ್ಬ, ಮಂದಿಗೆ ಪತ್ರಿಕೆ ಹಂಚಿ ಆಗಿದೆ, ಮೂಗು ಕತ್ತರಿಸಿದಂತಾಗುತ್ತದೆ ಎಂದ. ಅಡಿಗೆಯವನು ಬಂದು ಜಿಲೇಬಿಯ ಹಿಟ್ಟು ಹುದುಗೆದ್ದಿದೆ, ಕರಿಯಬೇಕೋ ಬೇಡವೋ ಎಂದು ಕೇಳಿದ. ಇಂಥ ದೊಡ್ಡ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಕರಿ ಎಂದು ನಾನು ಹೇಳಿ ಕಳಿಸಿದೆ. ಹುಡುಗ ಅವರ ನಡುವೆ ಅಪ್ಪನ ಹಿಂದೆ ಕೂತಿದ್ದ. ತಲೆ ತಗ್ಗಿಸಿದ್ದ. ಪಾಪ, ಒಳಗೊಳಗೆ ಬೇಯುತ್ತಿದ್ದಾನೆ ಎಂದು ನಾನು ತಿಳಿದೆ.

ಆಗ ದೊಡ್ಡಪ್ಪನಿಗೆ ಹೊಳೆಯಿತು. ಹೊಳೆದದ್ದು ಅವನ ಮುಖದ ಮೇಲೆ ಮೊದಲೇ ಕಾಣಿಸುತ್ತದೆ. ಫೇಟಾ ಒಂದಿಷ್ಟು ಮೇಲೇರುತ್ತದೆ.

"ಎಡಮುರಿ ಅಂದ್ರೇನ್ರಿ?" ಎಂದು ಬೀಗರನ್ನು ಕೇಳಿದ. "ಎಡಕ್ಕ ತಿರಿವಿದ ಕಾಯಿ. ಹೌದಲ್ಲ? ನಮ್ಮದು ಎಡಕ್ಕಿಲ್ರಿ. ನಮ್ಮ ಹಿರ್ಯಾರ ದೇವಕ ಬಲಕ್ಕ ತಿರಿವಿದ್ದು. ಮರಾಠ್ಯಾಗ ಬರೇ ಮುರುಡಶೆಂಗ ಅಂತಾರ, ಎಡ ಬಲ ಬಾಯಿಲೆ ಅನ್ನೂದಿಲ್ಲ. ಎಡದ್ದು ಬ್ಯಾರೆ, ಬಲದ್ದು ಬ್ಯಾರೆ."

ಈ ಮಾತನ್ನು ಅವನು ಅದೇ ಗಳಿಗೆಯಲ್ಲಿ ಹುಟ್ಟಿಸಿದ್ದು ಎಂದು ಅಕ್ಕನಿಗೆ ಗೊತ್ತು, ಅವಳ ಗಂಡನಿಗೆ ಗೊತ್ತು, ಬಹುಶಃ ಬೀಗರಿಗೂ ಗೊತ್ತಾಯಿತು. ಆದರೆ ಎಲ್ಲರ ಮುಖ ಅರಳಿತು. ಹಾಗಾದರೆ ಕಾಯಿ ನೋಡಿ ತೀರ್ಮಾನ ಮಾಡೋಣ ಎಂದರು. ಕೊಳ್ಳಕ್ಕೆ ಮತ್ತೆ ಟೆಂಪೋ ಓಡಿತು, ಒಂದು ಚೀಲ ಕಾಯಿ ಬಂತು. ಗಾದಿಯ ಮೇಲೆ ಸುರುವಿದರು. ಕಾಗವಾಡದಿಂದ, ಅಥಣಿಯಿಂದ, ಎಲ್ಲೆಲ್ಲಿಂದಲೋ ಬಂದ ನೆಂಟರಲ್ಲಿ ಗಂಡಸರೆಂಬ ಗಂಡಸರೆಲ್ಲ ಮುತ್ತಿಕೊಂಡು, ಕನ್ನಡಕ ಏರಿಸಿ, ಒಂದೊಂದು ಕಾಯಿ ಹಿಡಿದು ಎಡವೋ ಬಲವೋ ನೋಡತೊಡಗಿದರು. ಒಂದೇ ಗೊಂಚಲಿನಲ್ಲಿ ಎಡದ್ದೂ ಇತ್ತು, ಬಲದ್ದೂ ಇತ್ತು. ಒಬ್ಬ ತನಗೆ ಸಿಕ್ಕಿದ ಎಡದ ಕಾಯನ್ನು ಬಲ ಮಾಡಲೆಂದು ತಲೆಕೆಳಗು ಹಿಡಿದ. ಅದು ಆಗಲೂ ಎಡವೇ ಆಗಿತ್ತು. ಅವನು ಅದನ್ನು ಮತ್ತೆ ಮೇಲೆ ಮಾಡಿ ನೋಡಿ ತಲೆ ಕೆರೆದುಕೊಂಡ. ತೊಟ್ಟಿನ ಕಡೆಯಿಂದ ನೋಡಬೇಕೋ ತುದಿಯ ಕಡೆಯಿಂದ ನೋಡಬೇಕೋ ಎಂಬುದರ ಮೇಲೆ ಇನ್ನಿಬ್ಬರಿಗೆ ಜಗಳ ಬಿತ್ತು. ನಾನು ಜೀವನದಲ್ಲಿ ಬಹಳ ಹುಚ್ಚಾಟ ನೋಡಿದ್ದೇನೆ. ಇಷ್ಟು ಗಂಭೀರವಾದ ಹುಚ್ಚಾಟ ನೋಡಿದ್ದು ಅದೇ ಮೊದಲು.

ಬಾಯಿ ಕಟ್ಟಿಕೊಂಡಿರಲು ನನ್ನಿಂದ ಆಗಲಿಲ್ಲ.

"ಗಿಡ ಒಂದ, ಗೊಂಚಲ ಒಂದ," ಅಂದೆ. "ಎಡಾನೂ ಅದರಾಗ ಐತಿ, ಬಲಾನೂ ಅದರಾಗ ಐತಿ. ಮ್ಯಾಲೆ ಹುಡುಗಿ ಕುಂತಾಳ. ಆಕೀನ್ನ ಒಬ್ಬರರ ಕೇಳೀರೇನು?"

ದೊಡ್ಡಪ್ಪ ಕಾಯಿಂದ ಕಣ್ಣೆತ್ತಲಿಲ್ಲ. "ನೀ ಒಳಗ ಹೋಗವಾ. ನಿನಗ ದೇವಕದ ಮಾತ ಹೆಂಗ ತಿಳೀಬೇಕು? ನಿನಗ ಹಂದರ ಹಾಕಿದ್ದ ಇಲ್ಲ."

ಯಾರೋ ಒಬ್ಬ ಕಿಸಕ್ಕೆಂದ. ಅಕ್ಕನ ಗಂಡ ನೆಲ ನೋಡಿದ. ನನ್ನ ಕಿವಿ ಬಿಸಿಯಾಯಿತು. ಮೆಟ್ಟಿಲು ಹತ್ತಿ ಹುಡುಗಿಯ ಕೋಣೆಗೆ ಹೋದೆ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವವಳಲ್ಲ.

ಹುಡುಗಿ ಮಂಚದ ತುದಿಯಲ್ಲಿ ಎರಡೂ ಕೈ ಮುಂದೆ ಚಾಚಿ ಕೂತಿದ್ದಳು. ಮೆಹಂದಿ ಇನ್ನೂ ಹಸಿಯಿತ್ತು, ಏನನ್ನೂ ಮುಟ್ಟುವಂತಿರಲಿಲ್ಲ. ಕೆಳಗಿನ ಸುದ್ದಿ ಅವಳಿಗೆ ಮುಟ್ಟಿತ್ತು. ಕಣ್ಣು ಕೆಂಪಾಗಿದ್ದವು, ಆದರೆ ಧೈರ್ಯದಿಂದಿದ್ದಳು.

"ಮಾವಶಿ, ಅವಗ ಫೋನ್ ಹಚ್ಚು," ಅಂದಳು. "ಅಂವ ಒಂದ ಮಾತ ಅಂದ್ರ ಸಾಕು, ಎಲ್ಲಾರೂ ಸುಮ್ಮ ಆಗ್ತಾರ. ನಾವಿಬ್ರೂ ರೆಜಿಸ್ಟರ್ ಮಾಡ್ಕೋತೀವಿ ಅಂದ್ರೂ ಆತು. ನಾ ತಯಾರ ಅದೀನಿ."

ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವಳ ಮುಖದ ಹತ್ತಿರ ಹಿಡಿದೆ. ಅವನು ಎತ್ತಿದ. ಹಿಂದೆ ಗಂಡಸರ ಗದ್ದಲ ಕೇಳುತ್ತಿತ್ತು.

"ಏನಾತು?" ಅಂದಳು.

"ತಡಿ, ಇನ್ನ ನೋಡಾಕತ್ತೇವಿ. ಬಲದ್ದ ಜಾಸ್ತಿ ಬರಾಕತ್ತಾವು. ಚಿಂತಿ ಮಾಡಬ್ಯಾಡ, ಆಗತೈತಿ ಅನಸ್ತೈತಿ."

"ನೀನೂ ನೋಡಾಕತ್ತೀಯೇನು?"

"ಹೂಂ. ನನಗೂ ಒಂದಿಷ್ಟ ಕೊಟ್ಟಾರ."

ಅವಳು ಬಹಳ ಮೆತ್ತಗೆ ಕೇಳಿದಳು, "ಎಡದ್ದ ಜಾಸ್ತಿ ಬಂದ್ರ?"

"ಎಡದ್ದ ಬಂದ್ರ..." ಅವನು ದನಿ ತಗ್ಗಿಸಿದ. "ಎಡದ್ದ ಬಂದ್ರ ಹಿರ್ಯಾರು ಹೇಳಿದಂಗಲಾ. ನಾವೇನ ಮಾಡಾಕ ಬರತೈತಿ? ತಡಿ, ಕರ್ಯಾಕತ್ತಾರ."

ಫೋನು ಇಟ್ಟ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. ಮೆಹಂದಿಯ ಕೈಯನ್ನು ಒಂದಿಷ್ಟು ಹೊತ್ತು ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದಳು. ಆಗಲೇ ಬಣ್ಣ ಹಿಡಿದಿತ್ತು, ಹೋಗಲಿಲ್ಲ. ಒರೆಸಿಕೊಂಡು, "ಬಾ ಮಾವಶಿ," ಎಂದು ಮುಂದೆ ನಡೆದಳು.

ನಾವು ಕೆಳಗೆ ಇಳಿಯುವ ಹೊತ್ತಿಗೆ ತೀರ್ಪು ಬಂದಾಗಿತ್ತು. ಬಲದ ಕಾಯಿ ಗೆದ್ದಿತ್ತು. ಗೆಲ್ಲದೆ ಏನು ಮಾಡೀತು, ಎಡದ ಕಾಯಿಗಳನ್ನು ಒಬ್ಬೊಬ್ಬರೇ ಗಾದಿಯ ಕೆಳಗೆ ತಳ್ಳುತ್ತಿದ್ದುದನ್ನು ಮೇಲೆ ಹೋಗುವ ಮುಂಚೆ ನಾನೇ ನೋಡಿದ್ದೆ. ದೊಡ್ಡಪ್ಪ ಎದ್ದು ನಿಂತು, ನಮ್ಮ ಮನೆತನದ್ದು ಬಲಮುರಿ, ಬೀಗರದು ಎಡಮುರಿ, ಇಬ್ಬರಿಗೂ ಸಂಬಂಧವಿಲ್ಲ, ಲಗ್ನ ಸುಸೂತ್ರ ಎಂದು ಸಾರುತ್ತಿದ್ದ. ಬೀಗರು ಅವನನ್ನು ತಬ್ಬಿಕೊಂಡರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರಿಶಿಣದ ಬಟ್ಟಲು ತರಲು ಯಾರೋ ಓಡಿದರು. ಹುಡುಗ ಕೈಯಲ್ಲಿ ಇನ್ನೂ ಒಂದು ಕಾಯಿ ಹಿಡಿದು ನಗುತ್ತ ನಿಂತಿದ್ದ.

ಹುಡುಗಿ ನೇರ ಅವನ ಮುಂದೆ ಹೋಗಿ ನಿಂತಳು.

"ನಾ ಒಲ್ಲೆ," ಅಂದಳು.

"ಆತಲ್ಲ, ಎಲ್ಲಾ ಸರಿ ಆತು," ಅಂದ ಅವನು. "ಬಲದ್ದ ಬಂತು."

"ಬಲದ್ದ ಬಂತು, ಹಿಡದಿ. ಎಡದ್ದ ಬಂದಿದ್ರ ಬಿಡತಿದ್ದಿ. ಇಷ್ಟ ತಿಂಗಳ ನನ್ನ ಕೂಡ ಮಾತಾಡಿದಾವ ನೀ ಅಂತ ತಿಳಿದಿದ್ದೆ. ನನಗ ನೀ ಬ್ಯಾಡ."

ಜೋರಾಗಿ ಹೇಳಲಿಲ್ಲ. ಅವರ ಮನೆಯ ಕನ್ನಡದಲ್ಲೇ ಹೇಳಿದಳು, ಬಾಯಿಪಾಠ ಮಾಡಿದ ಕನ್ನಡದಲ್ಲಿ. ಹಾಲಿನಲ್ಲಿ ಕೂತವರಿಗೆಲ್ಲ ಕೇಳಿಸಿತು. ಆ ದಿನವೆಲ್ಲ ಅಲ್ಲಿ ಆಡಿದ ಮಾತುಗಳಲ್ಲಿ ಬುದ್ಧಿ ಇದ್ದ ಮಾತು ಅದೊಂದೇ. ನನಗೆ ಎದೆ ಒಡೆದಂತಾಯಿತು, ಹೆಮ್ಮೆಯೂ ಆಯಿತು; ಎರಡೂ ಒಟ್ಟಿಗೆ ಆದದ್ದು ಹೌದು. ಹುಡುಗ ಏನೋ ಹೇಳಲು ಹೋಗಿ ಅಪ್ಪನ ಮುಖ ನೋಡಿದ. ಆ ನೋಟದೊಂದಿಗೆ ಅವನ ಕತೆ ಮುಗಿಯಿತು.

ಅಕ್ಕ ಮಗಳ ಕೈ ಹಿಡಿದು ಬೇಡಿಕೊಂಡಳು. ಮದುಮಗಳಿಗೆ ದಣಿವಾಗಿದೆ, ಒಂದಿಷ್ಟು ಮಲಗಿಸಿ ಎಂದು ಯಾರೋ ಹೇಳಿದರು. ಹುಡುಗಿ ಹಠ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳ ಅಪ್ಪ ಬಾಯಿ ತೆರೆದು, "ಆಕಿ ಒಲ್ಲೆ ಅಂದ್ರ ಬಿಡ್ರಿ," ಅಂದ. ಮದುವೆ ನಿಂತಿತು.

ಇನ್ನು ಹೊಡೆದಾಟ ಆಗುತ್ತದೆ, ಫೇಟಾಗಳು ಹಾರುತ್ತವೆ ಎಂದು ನಾನು ಕಾದೆ. ಆದದ್ದು ಬೇರೆ. ದೊಡ್ಡಪ್ಪ ಮೆಲ್ಲಗೆ ಕೈ ಮುಗಿದು, "ದೇವಕಕ್ಕ ಮನಸ ಇರಲಿಲ್ಲ ಕಾಣ್ಸತೈತ್ರಿ," ಅಂದ. ಬೀಗರು ಅವನನ್ನು ನೋಡಿದರು. ಅವರ ಮುಖದ ಗಂಟು ಸಡಿಲವಾಯಿತು. "ಖರೆ ಐತ್ರಿ," ಅಂದರು. "ನಾವು ಕಾಯಿ ಎಡ ಬಲ ಅಂತ ಕುಂತಿವಿ. ಅದು ತನ್ನದ ತಾನ ಮಾಡಿ ತೋರಿಸ್ತು." ಇಬ್ಬರೂ ಕಾಯಿಗಳನ್ನು ಭಕ್ತಿಯಿಂದ ಆರಿಸಿ ಚೀಲಕ್ಕೆ ತುಂಬಿದರು, ಗಾದಿಯ ಕೆಳಗಿನವನ್ನೂ ಬಿಡದೆ. ಯಾರ ಮೂಗೂ ಕತ್ತರಿಸಲಿಲ್ಲ. ಹೆಣ್ಣಿನವರು ಗಂಡನ್ನು ಬೇಡವೆಂದರು ಎಂದಾಗಲಿಲ್ಲ, ಗಂಡಿನವರು ಬಿಟ್ಟುಹೋದರು ಎಂದೂ ಆಗಲಿಲ್ಲ. ಅಣ್ಣ ತಂಗಿಯ ಮದುವೆಯನ್ನು ಗಿಡ ತಪ್ಪಿಸಿತು. ಸಂಜೆ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ಕೂತು ಜಿಲೇಬಿ, ಮಸಾಲೆ ಭಾತ ಉಂಡು, ಮಜ್ಜಿಗೆ ಕುಡಿದು, ಈಗ ನಾವು ಅಣ್ಣತಮ್ಮಂದಿರೇ ಅಲ್ಲವೇ ಎಂದು ಹೆಗಲ ಮೇಲೆ ಕೈಹಾಕಿಕೊಂಡು ಹೋದರು. ನನಗೆ ಅವರ ಎಲೆಯ ಮೇಲೆ ಉಗುಳಬೇಕೆನಿಸಿತು. ಹುಡುಗಿ ನನ್ನ ಅಂಗಡಿಗೆ ಬಂದು ಮಲಗಿದಳು.

ಇದೆಲ್ಲ ಆಗಿ ಬಹಳ ಕಾಲವೇನೂ ಆಗಿಲ್ಲ. ಕತೆ ಮಾತ್ರ ಈಗಾಗಲೇ ಗಟ್ಟಿಯಾಗಿದೆ. ನಿಪ್ಪಾಣಿಯಿಂದ ಅಥಣಿಯ ತನಕ ನಮ್ಮವರು ಸೇರಿದಲ್ಲೆಲ್ಲ ಅದನ್ನು ಹೇಳುತ್ತಾರೆ. ಕೊಳ್ಳದ ಆ ಗಿಡಕ್ಕೆ ಈಗ ಯಾರೋ ಹಸಿರು ಸೀರೆ ಉಡಿಸಿದ್ದಾರೆ, ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟುವ ಮಾತು ನಡೆದಿದೆ. ಅದರ ಮುಂದಾಳು ಯಾರೆಂದು ಹೇಳಬೇಕಾಗಿಲ್ಲ. ಆ ಇಡೀ ಕತೆಯಲ್ಲಿ ಹುಡುಗಿ ಒಂದು ಮಾತೂ ಆಡುವುದಿಲ್ಲ.

ಮೊನ್ನೆ ಸಕ್ಕರೆಯ ಪರೀಕ್ಷೆ ಮಾಡಿಸಲು ನಾನು ಚಿಕ್ಕೋಡಿಗೆ, ಅವಳ ಲ್ಯಾಬಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಮುದುಕಿ ಕೂತಿದ್ದಳು, ನಮ್ಮವರ ಪೈಕಿಯೇ. ಹುಡುಗಿ ಅವಳ ತೋಳಿಗೆ ರಬ್ಬರಿನ ಪಟ್ಟಿ ಕಟ್ಟುತ್ತಿರುವಾಗ ಮುದುಕಿ ಗುರುತು ಹಿಡಿದಳು.

"ನೀನ ಅಲ್ಲೇನ ಆ ಹುಡುಗಿ? ದೇವಕ ಒಂದ ಬಂದು ಲಗ್ನ ಮುರೀತಲ್ಲ?"

"ಇಲ್ರಿ ಅಮ್ಮಾ," ಅಂದಳು ಹುಡುಗಿ. "ದೇವಕ ಅಲ್ಲ. ನಾನ ಒಲ್ಲೆ ಅಂದೆ."

ಮುದುಕಿ ಅವಳ ಗಲ್ಲ ಸವರಿದಳು. ಕಣ್ಣಲ್ಲಿ ನೀರು ತಂದುಕೊಂಡಳು.

"ಅಂದಿ ಖರೆ ನನ್ನವ್ವಾ. ಆ ಮಾತ ನಿನ್ನ ಬಾಯಿಲೆ ದೇವಕಾನ ಆಡಿಸ್ತು."

ಹುಡುಗಿ ನನ್ನ ಕಡೆ ನೋಡಿದಳು. ನಾನು ಆ ಮುದುಕಿಗೆ ಏನಾದರೂ ಹೇಳಲೇಬೇಕೆಂದು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಮುಷ್ಟಿ ಬಿಗಿ ಹಿಡೀರಿ ಅಮ್ಮಾ," ಎಂದು ಹೇಳಿ, ನರ ಹುಡುಕಿ, ಸೂಜಿ ಇಳಿಸಿದಳು. ನಾನು ಮತ್ತೆ ಕೂತು ಬ್ಲೌಸಿನ ತೋಳು ಮೇಲೆ ಸರಿಸಿಕೊಂಡೆ.